ಎರಡು ಮುಷ್ಟಿ ಭಂಡಾರ

"ಗಾಡಿಗಿ ಮೂಗ ಎಲ್ಲಿರತೈತಿ ಬೇ ಅತ್ತಿ? ಅದನ್ನೂ ಟಗರ ಅನ್ಕೊಂಡಿಯೇನ?"

ಕೇಳಿದವನು ಬಾಳೇಶ. ತಾರವ್ವನ ತಮ್ಮನ ಮಗ, ಏಕಸಂಬಿಯಲ್ಲಿ ಟೆಂಪೋ ಇಟ್ಟುಕೊಂಡವನು, ಮಾತಿಗೆ ಮೊದಲು ನಗುವವನು. ತಾರವ್ವ ನಗಲಿಲ್ಲ. ಚಿಕ್ಕೋಡಿಯ ಹೊರಗಿನ ಪೆಟ್ರೋಲ್ ಬಂಕಿನ ಬೇವಿನ ನೆರಳಲ್ಲಿ ನಿಂತಿದ್ದ ಮಗಳ ಮೋಟರ್‌ಸೈಕಲ್ಲನ್ನು ಅವಳು ಆಗಲೇ ಎರಡು ಸುತ್ತು ಸುತ್ತಿ ನೋಡಿದ್ದಳು, ಸಂತೆಯಲ್ಲಿ ಟಗರು ಆರಿಸುವವರ ಹಾಗೆ.

"ನಗೂದಾದ್ರ ನಗು. ನಿನ್ನೆ ನಾಕಕ್ಕ ಬಿಟ್ಟದ್ದ ಇದು, ಇನ್ನೂ ಓಡಾಕತ್ತೈತಿ. ಉಸುರ ಇಲ್ಲದ ಓಡತೈತೇನ?"

"ಉಸುರ ಬೇಕ, ಖರೆ ಐತಿ. ಇದೂ ಗಾಳಿ ಎಳಕೋತೈತಿ."

"ಎಲ್ಲಿಂದ ಎಳಕೋತೈತಿ, ಅಷ್ಟ ಹೇಳು ಮತ್ತ."

ಬಾಳೇಶ ಬಗ್ಗಿ ಸೀಟಿನ ಕೆಳಗೆ, ಎಡಮಗ್ಗುಲಲ್ಲಿ, ಎರಡು ಬೆರಳು ಹಿಡಿಯುವಷ್ಟು ಅಗಲದ ಒಂದು ಸಂದು ತೋರಿಸಿದ. "ಇದ ನೋಡ, ಇದ ಇದರ ಮೂಗ. ಒಂದ ಹೊಳ್ಳಿ ಅಷ್ಟ ಐತಿ, ಪಾಪ." ಹಾಗೆಂದವನು ಚಹಾದಂಗಡಿಯ ಕಡೆ ನಡೆದ.

ತಾರವ್ವ ಸೆರಗಿನ ಗಂಟು ಬಿಚ್ಚಿದಳು.

ಆ ಗಂಟಿನಲ್ಲಿದ್ದದ್ದು ಮಂಗಸೂಳಿ ಮಲ್ಲಯ್ಯನ ಭಂಡಾರದ ಚೀಲ. ಭಂಡಾರ ಅಂದರೆ ದೇವರ ಮುಂದೆ ಇಟ್ಟು ತಂದ ಅರಿಷಿಣದ ಪುಡಿ. ಅವಳ ತವರಿನಲ್ಲೂ ಗಂಡನ ಮನೆಯಲ್ಲೂ ಕುರಿ ಕಾಯುವವರೇ. ದೀಪಾವಳಿ ಮುಗಿಸಿ ಹಿಂಡು ಊರು ಬಿಡುವ ದಿನ, ಎಲ್ಲಕ್ಕಿಂತ ಮುಂದೆ ನಡೆಯುವ ಟಗರಿನ ಎರಡೂ ಹೊಳ್ಳೆಗೆ ಒಂದೊಂದು ಚಿಟಿಕೆ ಭಂಡಾರ ಇಡುವುದು ಅವರ ಪದ್ಧತಿ. ಟಗರು ಸೀನಬೇಕು. ಸೀನಿತೆಂದರೆ ಮಲ್ಲಯ್ಯ ಹೋಗಿ ಬರ್ರಿ ಅಂದ ಹಾಗೆ. ಸೀನುವವರೆಗೆ ಒಂದು ಮರಿಯೂ ಹೆಜ್ಜೆ ಕೀಳುವಂತಿಲ್ಲ. ನಲವತ್ತು ವರ್ಷ ತಾರವ್ವ ತನ್ನ ಕೈಯಾರೆ ಇಟ್ಟಿದ್ದಾಳೆ, ನಲವತ್ತು ವರ್ಷ ಟಗರು ಸೀನಿದೆ, ಹಿಂಡು ಹೋದದ್ದು ಹೋದ ಹಾಗೇ ತಿರುಗಿ ಬಂದಿದೆ.

ನಿನ್ನೆ ಕಾಗವಾಡದಲ್ಲಿ ಮಾತ್ರ ಆಗಿರಲಿಲ್ಲ. ಗಡಿಯಾರ ಹಿಡಿದು ನಿಂತಿದ್ದ ಅಮೋಲ, ನಿಪ್ಪಾಣಿಯ ಗಾಡಿ ಸವಾರರ ಸಂಘದವನು, ಸರಿಯಾಗಿ ನಾಲ್ಕಕ್ಕೆ ಕೈ ಬೀಸಿಬಿಟ್ಟಿದ್ದ. ತಾರವ್ವ ಸೆರಗು ಬಿಚ್ಚುವಷ್ಟರಲ್ಲಿ ಮಗಳು ಧೂಳಾಗಿದ್ದಳು. ಭಂಡಾರ ಇಡದೆ ಹೋದವಳು ಹಗಲು ರಾತ್ರಿ ರಸ್ತೆಯ ಮೇಲಿದ್ದಾಳೆ ಅನ್ನುವುದನ್ನು ನೆನೆದು ತಾರವ್ವ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಈಗ ಮಗಳು ಬಂಕಿನ ಒಳಗೆ ಮುಖ ತೊಳೆಯಲು ಹೋಗಿದ್ದಾಳೆ. ಹತ್ತಿರ ನೋಡುವವರು ಯಾರೂ ಇಲ್ಲ.

ಚಿಟಿಕೆ ಸಾಲುವುದಿಲ್ಲ ಅನ್ನಿಸಿತು ಅವಳಿಗೆ. ಟಗರಿನ ಮೈ ಎಷ್ಟು, ಇದರ ಮೈ ಎಷ್ಟು. ಒಂದು ಮುಷ್ಟಿ ತುಂಬ ತೆಗೆದು ಸಂದಿನೊಳಗೆ ಹೊಯ್ದಳು, ಬೆರಳಿನಿಂದ ಒಳಗೆ ನೂಕಿದಳು. ಎರಡು ಹೊಳ್ಳೆಯದ್ದೂ ಒಂದಕ್ಕೇ ಸಲ್ಲಬೇಕಲ್ಲ, ಅದಕ್ಕೆ ಇನ್ನೊಂದು ಮುಷ್ಟಿ. ಕೈ ಒರೆಸಿಕೊಂಡು, ಏನೂ ಆಗದವಳಂತೆ ಬೇವಿನ ಬೊಡ್ಡೆಗೆ ಆತು ನಿಂತಳು.

ಮಗಳು ಭಾಗ್ಯಾ ಬಂದಳು. ಮೂವತ್ತೆರಡರ ಹೆಂಗಸು, ಕಣ್ಣು ಕೆಂಡದ ಹಾಗೆ ಕೆಂಪು, ತುಟಿ ಒಡೆದಿವೆ, ಹೆಲ್ಮೆಟ್ಟಿನ ಗುರುತು ಹಣೆಯ ಮೇಲೆ ನೇಗಿಲಗೆರೆಯಂತೆ ಬಿದ್ದಿದೆ. ಆದರೂ ನಡೆಯುವುದರಲ್ಲಿ ಒಂದು ಗತ್ತು. ಎಂಟು ವರ್ಷದಿಂದ ಅವಳು ಪಶುಸಖಿ. ಈ ನಾಲ್ಕೈದು ತಾಲೂಕಿನಲ್ಲಿ ಕುರಿಹಟ್ಟಿ ಎಲ್ಲಿ ಬಿದ್ದಿದ್ದರೂ ಲಸಿಕೆಯ ಡಬ್ಬಿ ಕಟ್ಟಿಕೊಂಡು ಇದೇ ಗಾಡಿಯ ಮೇಲೆ ಹೋಗುತ್ತಾಳೆ. ಗಾಡಿಯ ಕೆಲಸವನ್ನು ಯಾರೂ ಅವಳಿಗೆ ಕಲಿಸಿದ್ದಲ್ಲ, ಅಡವಿಯಲ್ಲಿ ಕೆಟ್ಟು ನಿಂತಾಗ ಕಲಿತದ್ದು.

ಸಂಘದವರು ಇಟ್ಟ ಈ ಸವಾರಿಯ ಕರಾರು ಇಷ್ಟು: ಇಪ್ಪತ್ತನಾಲ್ಕು ತಾಸಿನಲ್ಲಿ ಸಾವಿರದ ಆರುನೂರು ಕಿಲೋಮೀಟರು. ಹೊರಟಲ್ಲೇ ಬಂದು ಮುಟ್ಟಬೇಕು. ತಿರುಗುವ ಜಾಗಗಳಲ್ಲಿ ಪೆಟ್ರೋಲ್ ಹಾಕಿಸಿ ಗಂಟೆ ನಿಮಿಷ ಬಿದ್ದ ಚೀಟಿ ಇಸಿದುಕೊಳ್ಳಬೇಕು, ಅದೇ ಸಾಕ್ಷಿ. ಕಾಗವಾಡದಿಂದ ಹೆದ್ದಾರಿಗೆ ಬಿದ್ದು ದಕ್ಷಿಣಕ್ಕೆ ತುಮಕೂರು ಮುಟ್ಟಿ ತಿರುಗಿ, ಉತ್ತರಕ್ಕೆ ಸಾತಾರಾ ದಾಟಿ ತಿರುಗಿ, ಈಗ ಚಿಕ್ಕೋಡಿಗೆ ಬಂದಿದ್ದಳು. ಕೊನೆಯ ನೂರಾಹತ್ತನ್ನೂ ಹೆದ್ದಾರಿಯಲ್ಲೇ ಮುಗಿಸು, ರಸ್ತೆ ಹಸನಾಗಿದೆ ಅಂತ ಅಮೋಲ ಎಷ್ಟು ಹೇಳಿದರೂ ಅವಳು ಕೇಳಿರಲಿಲ್ಲ. ರಾಯಬಾಗ, ಅಥಣಿ, ಮಂಗಸೂಳಿ, ಕಾಗವಾಡ. ನಾನು ದಿನಾ ಓಡಾಡುವ ರಸ್ತೆ, ಅಲ್ಲೇ ಮುಗಿಸುತ್ತೇನೆ ಅಂದಿದ್ದಳು. ಆ ಮಾತಿಗೆ ತಾರವ್ವ ಊರ ತುಂಬ ಎದೆ ಉಬ್ಬಿಸಿ ತಿರುಗಿದ್ದಳು.

"ಊಟಾ ಮಾಡ ಬಾ, ರೊಟ್ಟಿ ತಂದೇನಿ."

"ಬ್ಯಾಡವ್ವಾ, ಊಟಾ ಮಾಡಿದ್ರ ನಿದ್ದಿ ಬರತೈತಿ. ಒಂದ ಶೇಂಗಾದುಂಡಿ ಕೊಡು." ಉಂಡಿಯನ್ನು ಅರ್ಧ ತಿಂದು ಉಳಿದರ್ಧವನ್ನು ಜೇಬಿಗೆ ಇಟ್ಟುಕೊಂಡಳು. "ಹಾವೇರಿ ದಾಟಿದ ಮ್ಯಾಲ ಕ್ಲಚ್ಚಿನ ಕೇಬಲ್ ಹರೀತವ್ವಾ. ಹಳೇದರ ಬಾಜೂಕ ಹೊಸಾದ ಮೊದಲ ಕಟ್ಟಿ ಇಟ್ಟಿದ್ನೆಲ್ಲಾ, ತುದಿ ಸಿಗಿಸೂದಷ್ಟ. ಹದಿನೈದ ನಿಮಿಷದಾಗ ಎದ್ದೆ."

ತಾರವ್ವನಿಗೆ ಕೇಬಲ್ ತಿಳಿಯದಿದ್ದರೂ ಹದಿನೈದು ನಿಮಿಷ ತಿಳಿಯಿತು. "ಕೇಳಿದೇನೋ ಕಾಡಸಿದ್ದಾ?" ಎಂದು ಟೆಂಪೋದ ಕಡೆ ಕೂಗಿದಳು.

ಟೆಂಪೋದ ಮುಂದಿನ ಸೀಟಿನಲ್ಲಿ ಅವಳ ತಮ್ಮ ಕಾಡಸಿದ್ದ, ಬಾಳೇಶನ ಅಪ್ಪ, ಬಿಳಿ ಮೀಸೆಗೆ ಕೈ ಹಚ್ಚಿಕೊಂಡು ಕೂತಿದ್ದ. ಡೊಳ್ಳಿನ ಮೇಳದಲ್ಲಿ ಕೊಳಲು ಬಾರಿಸುವವನು. ಉಸಿರು ಹೇಗೆ ದೊಡ್ಡದೋ ಮಾತೂ ಹಾಗೆ. "ಕೇಳಿದೆ. ಹರದದ್ದ ಹೇಳ್ತಾಳ, ಹರೀದಂಗ ಇಟ್ಟಿದ್ರ ಹೇಳೂದ ಬರ್ತಿದ್ದಿಲ್ಲ. ಇನ್ನ ಎಷ್ಟ ಐತಿ ಭಾಗ್ಯಾ?"

"ನೂರಾಹತ್ತ ಮಾಂವ. ಎರಡ ತಾಸ ನಲವತ್ತ ನಿಮಿಷ ಐತಿ. ಆರಾಮ ಆಗತೈತಿ."

"ಆರಾಮ ಅಂದವರು ಹೊಳೀ ದಂಡ್ಯಾಗ ಮುಳಗಿದ್ದ ನಾ ನೋಡೇನಿ."

"ನೀ ಮುಳಗಿದ್ದ ಹೇಳಾಕತ್ತೀಯೇನೋ?" ತಾರವ್ವ ತಿವಿದಳು.

ಭಾಗ್ಯಾ ನಕ್ಕು ಹೆಲ್ಮೆಟ್ ಏರಿಸಿದಳು. ಗುಂಡಿ ಒತ್ತಿದಳು. ಗಾಡಿ ಒಮ್ಮೆ ಗುರುಗುಟ್ಟಿತು, 'ಫಟ್' ಎಂದು ಒಂದು ಸದ್ದು ಮಾಡಿತು, ಆಮೇಲೆ ಹೊರಟಿತು.

ತಾರವ್ವನ ಮೈಯೆಲ್ಲ ಹಗುರಾಯಿತು. "ಸೀನಿತು," ಎಂದಳು ತನಗಷ್ಟೇ ಕೇಳುವಂತೆ. ಸೆರಗಿನ ಗಂಟನ್ನು ಕಣ್ಣಿಗೆ ಒತ್ತಿಕೊಂಡಳು.

ಟೆಂಪೋದಲ್ಲಿ ಕೂತು ಹೊರಟ ಮೇಲೆ ಅವಳ ಬಾಯಿಗೆ ಬಿಡುವಿರಲಿಲ್ಲ. ಸಾವಿರದ ಆರುನೂರು ಅಂದರೆ ಎಷ್ಟು ಅಂತ ಅವಳು ತನ್ನ ಲೆಕ್ಕದಲ್ಲಿ ತಿಳಿದುಕೊಂಡಿದ್ದಳು. ದೀಪಾವಳಿಯಿಂದ ಜೂನಿನ ಮಿರಗದ ಮಳೆಯವರೆಗೆ ಹಿಂಡಿನ ಹಿಂದೆ ಅವಳು ನಡೆಯುತ್ತಿದ್ದಳಲ್ಲ, ಒಂದು ಹಟ್ಟಿಯಿಂದ ಇನ್ನೊಂದು ಹಟ್ಟಿಗೆ, ಕೂಸು ಕತ್ತೆಯ ಮೇಲಿನ ಜೋಳಿಗೆಯಲ್ಲಿ. ಅಂಥ ಒಂದು ವರ್ಷದ ತಿರುಗಾಟ. ಆ ಜೋಳಿಗೆಯ ಕೂಸೇ ಇದು. "ನಾ ಏಳ ತಿಂಗಳ ನಡದದ್ದನ್ನ ಅಕಿ ಒಂದ ದಿನದಾಗ ಮುಗಸಾಕತ್ತಾಳ," ಅಂದಳು.

"ನೀ ಕುರೀನೂ ಮೇಸಿ ಬಂದಿ. ಅಕಿ ಏನ ಮೇಸ್ಯಾಳ?" ಕಾಡಸಿದ್ದ ಕೇಳಿದ.

"ನಿನ್ನ ಹೊಟ್ಟಿಕಿಚ್ಚ ಮೇಸ್ಯಾಳ."

ಬಾಳೇಶ ಸ್ಟಿಯರಿಂಗಿನ ಮೇಲೆ ಬಗ್ಗಿ ನಕ್ಕ. ರಸ್ತೆಯ ತುಂಬ ಕಬ್ಬಿನ ಟ್ರ್ಯಾಕ್ಟರುಗಳು, ಒಂದೊಂದಕ್ಕೆ ಎರಡೆರಡು ಟ್ರಾಲಿ, ಹಿಂದೆ ಚೆಲ್ಲಿದ ಕಬ್ಬಿನ ಸಿಪ್ಪೆ. ಹಂಗಾಮಿನ ದಿನಗಳು. ಎಲ್ಲವನ್ನೂ ಹಿಂದೆ ಹಾಕಿ ಮಗಳು ಎಲ್ಲೋ ಹೋಗಿರಬೇಕು ಅಂದುಕೊಳ್ಳುತ್ತಿರುವಾಗಲೇ, ರಾಯಬಾಗ ಇನ್ನೂ ಹತ್ತು ಹನ್ನೆರಡು ಕಿಲೋಮೀಟರಿದೆ ಅನ್ನುವಲ್ಲಿ, ರಸ್ತೆಯ ಮಗ್ಗುಲಿಗೆ ಗಾಡಿ ನಿಂತಿದ್ದು ಕಂಡಿತು. ಭಾಗ್ಯಾ ಅದರ ಪಕ್ಕ ಮೊಣಕಾಲೂರಿ ಕೂತಿದ್ದಳು.

"ಏನಾತ?" ಎಂದು ಬಾಳೇಶ ಇಳಿದ.

"ಎಳೀವಲ್ದು. ಎಂಬತ್ತರಾಗ ಹೊಂಟಿದ್ದು, ಅರವತ್ತಕ್ಕ ಬಂತು, ಆಮ್ಯಾಲ ನಲವತ್ತ. ಎಷ್ಟ ತಿರುವಿದ್ರೂ ಕೆಮ್ಮತೈತಿ. ಹಿಂದ ಕರೀ ಹೊಗಿ." ಮಾತಾಡುತ್ತಲೇ ಅವಳು ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಅದರ ತುದಿ ಕಾಡಿಗೆಯಂತೆ ಕಪ್ಪಾಗಿತ್ತು. ಉಸುಕಿನ ಕಾಗದದಿಂದ ತಿಕ್ಕಿ, ಒರೆಸಿ, ಮತ್ತೆ ಕೂಡಿಸಿದಳು.

"ನಾ ಅಂದಿದ್ದೆ," ಎಂದು ಕಾಡಸಿದ್ದ ಟೆಂಪೋದೊಳಗಿಂದಲೇ ಶುರು ಮಾಡಿದ.

"ಮಾಂವ, ನೀ ಅಂದದ್ದ ನಾಕ ಗಂಟೇದ ಮ್ಯಾಲ ಕೇಳ್ತೇನಿ," ಎಂದಳು ಭಾಗ್ಯಾ, ತಲೆ ಎತ್ತದೆ.

ಗಾಡಿ ಎದ್ದಿತು. ಒಂದು ನಾಲ್ಕು ಕಿಲೋಮೀಟರು ಚೆಂದ ಹೋಯಿತು, ಮತ್ತೆ ಕೆಮ್ಮಲು ಹತ್ತಿತು. ಈಗ ಟೆಂಪೋ ಹಿಂದೆಯೇ ಇತ್ತು. ಕರಿ ಹೊಗೆ ಗಾಜಿಗೆ ಬಂದು ಬಡಿಯುತ್ತಿತ್ತು. ಸೈಕಲ್ಲಿನವನೊಬ್ಬ ಸುಮಾರು ಹೊತ್ತು ಜೊತೆಜೊತೆಗೇ ಬಂದ. ಹಾಗೇ ತೆವಳುತ್ತ ರಾಯಬಾಗ ದಾಟಿದರು. ಊರ ಹೊರಗೆ, ದ್ರಾಕ್ಷಿ ತೋಟದ ಬೇಲಿಯ ಹತ್ತಿರ, ಗಾಡಿ ಪೂರಾ ನಿಂತಿತು. ಎರಡೂ ಇಪ್ಪತ್ತೈದು.

ಭಾಗ್ಯಾ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಟ್ಯಾಂಕಿನ ಮೇಲೆ ಇಟ್ಟಳು. ಆ ಕಡೆ ಕಾಗವಾಡದಲ್ಲಿ ಕಾಯುತ್ತಿದ್ದ ಅಮೋಲ. ನಿಪ್ಪಾಣಿಯವನ ಕನ್ನಡ, ಅರ್ಧ ಮರಾಠಿ.

"ಥಾಂಬ ಭಾಗ್ಯಾ, ಗಡಬಡ ಬ್ಯಾಡ. ಪ್ಲಗ್ ಮತ್ತ ಕಾಳಾ ಐತೇನ?"

"ಇದ್ದಿಲಿನಂಗ ಐತಿ."

"ಹಂಗಾರ ಪೆಟ್ರೋಲ್ ಜಾಸ್ತಿ, ಹವಾ ಕಮ್ಮಿ. ಪೆಟ್ರೋಲ್‌ದಾಗ ಕಚರಾ ಇರಬೇಕ. ಟ್ಯಾಂಕ್ ಖಾಲಿ ಮಾಡಿ ಪೈಪ್ ಊದಿ ನೋಡು."

"ಟ್ಯಾಂಕ್ ಇಳಸಾಕ ಮುಕ್ಕಾಲ ತಾಸ ಬೇಕ ಅಮೋಲ."

"ಮತ್ತ ದುಸರಾ ಏನೂ ಕಾಣವಲ್ದು ನನಗ. ಮೊನ್ನೆನ ಸರ್ವಿಸಿಂಗ್ ಮಾಡೇವಿ. ಇಷ್ಟ ಮಾತ್ರ ಖರೆ, ಗಾಡಿಗಿ ಉಸುರ ಸಿಗವಲ್ದು."

ಭಾಗ್ಯಾ ಸೀಟು ಬಿಚ್ಚುವ ಪಾನೆಯನ್ನು ಕೈಗೆತ್ತಿಕೊಂಡಳು.

ಉಸುರು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಾರವ್ವನ ಕೈ ಸೆರಗಿನ ಗಂಟಿಗೆ ಹೋಯಿತು. ಅವಳಿಗೆ ಪ್ಲಗ್ ತಿಳಿಯದು, ಟ್ಯಾಂಕು ತಿಳಿಯದು. ಉಸಿರು ತಿಳಿಯುತ್ತದೆ. ಎಂಟು ವರ್ಷದಿಂದ ಇದೇ ಮಗಳು ಪ್ರತಿ ದೀಪಾವಳಿಗೆ ಜಗಳಾಡುತ್ತ ಬಂದಿದ್ದಾಳೆ: ಅವ್ವಾ, ಭಂಡಾರ ಹಣೆಗೆ ಹಚ್ಚು, ಮೂಗಿಗೆ ಬೇಡ, ಪುಡಿ ಪುಪ್ಪುಸಕ್ಕೆ ಹೋದರೆ ಟಗರಿಗೆ ದಮ್ಮು ಹತ್ತುತ್ತದೆ. ತಾರವ್ವ ಪ್ರತಿ ಸಲವೂ, ನೀನು ಹುಟ್ಟುವ ಮೊದಲಿನಿಂದ ಇಡುತ್ತಿದ್ದೇನೆ ಹೋಗೇ, ಅಂದಿದ್ದಾಳೆ. ಅದು ಚಿಟಿಕೆಯ ಮಾತು. ಇಂದು ಇಟ್ಟದ್ದು ಮುಷ್ಟಿ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಪೆಟ್ರೋಲಿನ ಮೇಲೆ ಹೋಗುತ್ತದೆ. ಹೇಳಿದರೆ ಕಾಡಸಿದ್ದ ಟೆಂಪೋದಲ್ಲೇ ಕೂತಿದ್ದಾನೆ. ಮಗಳ ಸವಾರಿ ಅವ್ವನೇ ಕೆಡಿಸಿದಳು ಅಂತ ಮದುವೆ ಮುಂಜಿವೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅದಾದರೂ ಹೋಗಲಿ, ಮಲ್ಲಯ್ಯನ ಭಂಡಾರ ದಾರಿ ಕಟ್ಟಿತು ಅಂತ ತನ್ನ ಬಾಯಿಂದಲೇ ಹೇಗೆ ಅನ್ನುವುದು? ಎದುರಿಗೆ ಮಗಳು ಒಂದು ತಿರುಪು ಬಿಚ್ಚಿ ಬಾಯಲ್ಲಿ ಕಚ್ಚಿಕೊಂಡಳು. ಇಪ್ಪತ್ತೆರಡು ತಾಸಿನ ದಣಿವು ಅವಳ ಕತ್ತಿನಲ್ಲಿ ಕಾಣುತ್ತಿತ್ತು. ತಲೆ ತನ್ನಷ್ಟಕ್ಕೆ ಬಾಗುತ್ತಿತ್ತು, ಅವಳು ಎತ್ತುತ್ತಿದ್ದಳು, ಮತ್ತೆ ಬಾಗುತ್ತಿತ್ತು.

"ಭಾಗ್ಯಾ," ಎಂದಳು ತಾರವ್ವ. "ಅದನ್ನ ಬಿಚ್ಚಬ್ಯಾಡ. ಎಡಗಡೆ ಬಿಚ್ಚು. ನಾ ಅದರ ಮೂಗಿನ್ಯಾಗ ಭಂಡಾರ ಹಾಕೇನಿ."

ಬಾಳೇಶ ತನ್ನ ಬಾಯಿಯ ಮೇಲೆ ತಾನೇ ಕೈ ಇಟ್ಟುಕೊಂಡ. ಮೂಗು ತೋರಿಸಿದವನು ಅವನೇ ತಾನೆ.

ಭಾಗ್ಯಾ ಬಾಯಿಂದ ತಿರುಪು ತೆಗೆದಳು. ಕುರಿಗೆ ಯಾರಾದರೂ ತಪ್ಪು ಔಷಧಿ ಕುಡಿಸಿದಾಗ ಕೇಳುವ ದನಿಯಲ್ಲೇ ಕೇಳಿದಳು. "ಎಷ್ಟ?"

"ಎರಡ ಮುಷ್ಟಿ."

"ಯಾವಾಗ?"

"ಚಿಕ್ಕೋಡ್ಯಾಗ. ನೀ ಮಾರಿ ತೊಳಿಯಾಕ ಹೋದಾಗ."

ಫೋನಿನಲ್ಲಿ ಅಮೋಲ, "ಕಾಯ್? ಏನ ಹಾಕ್ಯಾರ?" ಎಂದು ಒಂದೇ ಸಮನೆ ಕೇಳುತ್ತಿದ್ದ. ಭಾಗ್ಯಾ, "ಗೊತ್ತಾತ, ಆಮ್ಯಾಲ ಹೇಳ್ತೇನಿ," ಎಂದು ಫೋನು ಕಡಿದಳು. ತಾರವ್ವ ಮಗಳ ಮುಖ ನೋಡಲಾರದೆ ನೆಲ ನೋಡುತ್ತಿದ್ದಳು. ಬೈಗುಳ ಬರಲಿಲ್ಲ. ಕೇಳಿಸಿದ್ದು ನಗು. ದಣಿದು ಹಣ್ಣಾದವರ ನಗು, ಸದ್ದಿಲ್ಲದೆ ಹೆಗಲು ಕುಣಿಯುವಂಥದ್ದು.

"ಟಗರಿಗಿ ಬ್ಯಾಡ ಅಂದದ್ದನ್ನ ಗಾಡಿಗಿ ಹಾಕಿದಿ ನೋಡವ್ವಾ. ಬಾಳೇಶಾ, ಸ್ಕ್ರೂಡ್ರೈವರ್ ತಾ. ಮುಕ್ಕಾಲ ತಾಸ ಉಳೀತು."

ಎಡಮಗ್ಗುಲಿನ ಮುಚ್ಚಳ ಬಿಚ್ಚಿದಳು. ಒಳಗಿನ ಡಬ್ಬಿಯಿಂದ, ಮಡಿಕೆ ಮಡಿಕೆಯಾಗಿ ಕಾಗದ ಕೂಡಿಸಿ ಮಾಡಿದ ಗಾಳಿ ಸೋಸುವ ಜಾಳಿಗೆಯನ್ನು ಎಳೆದಳು. ಅದು ಹೊರಬಂದಾಗ ಮದುವಣಗಿತ್ತಿಯ ಹಾಗಿತ್ತು, ಅಡಿಯಿಂದ ಮುಡಿಯವರೆಗೆ ಅರಿಷಿಣ.

ಅವಳು ಅದನ್ನು ರಸ್ತೆಯ ಕಲ್ಲಿಗೆ ಬಡಿಯಲು ಕೈ ಎತ್ತಿದ್ದೇ ತಾರವ್ವ ಅಡ್ಡ ಬಂದಳು. "ನಿಂದರ. ಭಂಡಾರ ತುಳಿಯೋ ಜಾಗಾದಾಗ ಬೀಳಬಾರದು." ಹೆಗಲ ಮೇಲಿನ ಕರಿ ಕಂಬಳಿಯನ್ನು ನೆಲಕ್ಕೆ ಹಾಸಿದಳು. ತಪ್ಪು ಮಾಡಿದವಳ ದನಿ ಅದಾಗಿರಲಿಲ್ಲ. ಭಾಗ್ಯಾ ವಾದ ಮಾಡದೆ ಕಂಬಳಿಯ ಅಂಚಿಗೆ ಕೂತು, ಅಂಗೈಗೆ ಮೆಲ್ಲಗೆ ತಟ್ಟಿದಳು. ಹಳದಿ ಪುಡಿ ಕರಿ ಉಣ್ಣೆಯ ಮೇಲೆ ಸುರಿಯಿತು. ದಪ್ಪನೆಯದ್ದು ಉದುರಿತು, ಮಡಿಕೆಯೊಳಗೆ ಕಚ್ಚಿಕೊಂಡದ್ದು ಉದುರಲಿಲ್ಲ.

"ಒಳಗಿಂದ ಹೊರಗ ಊದಬೇಕ. ಪಂಕ್ಚರ್ ಅಂಗಡಿ ಇದ್ದಿದ್ರ ಎರಡ ನಿಮಿಷದ ಕೆಲಸ," ಎಂದಳು ಭಾಗ್ಯಾ. ತಾನೇ ಊದಿ ನೋಡಿದಳು. ಒಡೆದ ತುಟಿಯಿಂದ ಊದಿದ್ದು ಎಲ್ಲಿಗೂ ಹತ್ತಲಿಲ್ಲ.

ಟೆಂಪೋದ ಬಾಗಿಲು ತೆರೆದ ಸದ್ದಾಯಿತು. ಕಾಡಸಿದ್ದ ಇಳಿದ. ತಾರವ್ವ, ಬಂತು ಈಗ ಅವನ ಮಾತು ಅಂತ ಹಲ್ಲು ಕಚ್ಚಿದಳು. ಅವನು ನೇರ ಬೇಲಿಯ ಕಡೆ ನಡೆದ. ದ್ರಾಕ್ಷಿ ತೋಟದ ಬೇಲಿಯ ಮೇಲೆ ಕಡಿದೊಗೆದಿದ್ದ ಹನಿ ನೀರಿನ ಪೈಪಿನ ತುಂಡುಗಳಲ್ಲಿ ಮೊಳದುದ್ದದ ಒಂದನ್ನು ಆರಿಸಿ, ಅದರ ಬಾಯಿ ಒರೆಸಿ, ಕೊಳಲು ನೋಡುವವನ ಹಾಗೆ ಕಣ್ಣಿಗೆ ಹಿಡಿದು ನೋಡಿ, ಕಂಬಳಿಯ ಮೇಲೆ ಮೊಣಕಾಲೂರಿದ. ಒಂದು ತುದಿ ತನ್ನ ತುಟಿಗೆ, ಇನ್ನೊಂದು ಜಾಳಿಗೆಯ ಒಳಮೈಗೆ. ಮೂಗಿನಿಂದ ಎಳೆದು ಬಾಯಿಂದ ಬಿಡುತ್ತ, ನಡುವೆ ಎಲ್ಲೂ ಕಡಿಯದೆ, ರಾತ್ರಿಯೆಲ್ಲ ಮೇಳ ನಡೆಸುವ ಉಸಿರಿನಿಂದ ಊದಿದ. ಒಂದೊಂದು ಮಡಿಕೆಯಿಂದಲೂ ಹಳದಿ ಹೊಗೆ ಎದ್ದಿತು. ಅವನ ಮೀಸೆ ಹಳದಿಯಾಯಿತು, ಹುಬ್ಬು ಹಳದಿಯಾಯಿತು, ತಲೆಗೆ ಸುತ್ತಿದ ಪಟಕಾ ಹಳದಿಯಾಯಿತು.

"ಅಪ್ಪಾ, ಈಗ ಮಲ್ಲಯ್ಯನ ಪೂಜಾರಿ ಕಂಡಂಗ ಕಾಣ್ತಿ ನೋಡು," ಎಂದ ಬಾಳೇಶ.

ಕಾಡಸಿದ್ದ ಪೈಪು ಬಿಟ್ಟು ಒಂದು ಸಲ ಭರ್ಜರಿಯಾಗಿ ಸೀನಿದ.

ತಾರವ್ವ ತನ್ನ ಅರಿವಿಲ್ಲದೆಯೇ ಕೈ ಮುಗಿದಳು. ಅದನ್ನು ನೋಡಿ ಭಾಗ್ಯಾ ಮತ್ತೆ ನಕ್ಕಳು. ಜಾಳಿಗೆಯನ್ನು ಬಿಸಿಲಿಗೆ ಹಿಡಿದಳು. ಮಡಿಕೆಗಳೊಳಗಿಂದ ಬೆಳಕು ತೂರಿ ಬಂತು. "ಪೂರಾ ಅಲ್ಲ. ಆದರ ಎಪ್ಪತ್ತೈದ ಕಿಲೋಮೀಟರಿಗಿ ಸಾಕ." ಕೂಡಿಸಿದಳು, ಮುಚ್ಚಿದಳು, ಪ್ಲಗ್ ಇನ್ನೊಮ್ಮೆ ತಿಕ್ಕಿದಳು. ಗುಂಡಿ ಒತ್ತಿದಾಗ ಗಾಡಿ ಕೆಮ್ಮಲಿಲ್ಲ. ದನಿ ತಿಳಿಯಾಗಿತ್ತು.

"ಎರಡೂ ಐವತ್ತು," ಎಂದ ಬಾಳೇಶ. "ಒಂದ ತಾಸ ಹತ್ತ ನಿಮಿಷ. ಕುಡಚಿ ಮ್ಯಾಲಿಂದ ಸೀದಾ ಕಾಗವಾಡಕ್ಕ ಹೋಗಿಬಿಡು ಭಾಗ್ಯಾ, ಅರ್ಧಾ ದಾರಿ ಉಳೀತೈತಿ."

"ಉಳೀತೈತಿ, ಸಾವಿರದ ಆರುನೂರ ಆಗೂದಿಲ್ಲ. ಅಥಣಿ ಮುಟ್ಟೇ ಬರಬೇಕ. ನೀವ ಆ ದಾರೀಲೆ ಹೋಗ್ರಿ." ಕೈಗವಸು ಎಳೆದುಕೊಂಡಳು, ಅವ್ವನ ಕಡೆ ನೋಡಿದಳು. "ಅವ್ವಾ, ನೀ ಬಾಯಿ ಬಿಡದಿದ್ರ ನಾ ಇಲ್ಲೇ ಟ್ಯಾಂಕ್ ಬಿಚಗೋತ ಕುಂದರತಿದ್ನಿ."

ತಾರವ್ವ ಭಂಡಾರ ಚೆಲ್ಲದಂತೆ ಕಂಬಳಿ ಮಡಿಚಿ ಏಳುವಷ್ಟರಲ್ಲಿ ಗಾಡಿ ಕಬ್ಬಿನ ಎರಡು ಟ್ರಾಲಿಗಳನ್ನು ದಾಟಿ ಹೋಗಿತ್ತು.

ಟೆಂಪೋ ಕುಡಚಿಯ ಹತ್ತಿರ ಕೃಷ್ಣೆ ದಾಟಿ, ಉಗಾರದ ಮೇಲೆ ಹಾಯ್ದು, ಮೂರೂವರೆಗೆಲ್ಲ ಕಾಗವಾಡ ಮುಟ್ಟಿತು. ಬಂಕಿನಲ್ಲಿ ಅಮೋಲ ಅತ್ತಿಂದಿತ್ತ ನಡೆಯುತ್ತಿದ್ದ. ಕಾಡಸಿದ್ದನ ಹಳದಿ ಮೀಸೆ ಕಂಡು ಏನೋ ಕೇಳಲು ಬಾಯಿ ತೆರೆದವನು, ತಾರವ್ವನ ಮುಖ ನೋಡಿ ಮುಚ್ಚಿಕೊಂಡ. ಬಂಕಿನ ಹುಡುಗರು, ಕಬ್ಬಿನ ಡ್ರೈವರರು, ಬಸ್ಸಿಗೆ ನಿಂತವರು, ಸುಮಾರು ಇಪ್ಪತ್ತು ಮೂವತ್ತು ಜನ ಕೂಡಿದ್ದರು. ತಾರವ್ವ ಮಂಗಸೂಳಿಯ ಕಡೆಯಿಂದ ಬರುವ ರಸ್ತೆಗೆ ಮುಖ ಮಾಡಿ, ಮಡಿಚಿದ ಕಂಬಳಿಯನ್ನು ಎದೆಗೆ ಅವಚಿಕೊಂಡು ನಿಂತಳು. ಮಲ್ಲಯ್ಯಾ, ನನ್ನ ಕೈ ತಪ್ಪಿತು, ಅದನ್ನು ಅವಳ ಮೇಲೆ ಹಾಕಬೇಡ ಅಂತ ಒಂದೇ ಮಾತನ್ನು ತಿರುತಿರುಗಿ ಅಂದುಕೊಂಡಳು.

"ಯಾರರೀ ಬರೋರು?" ಟ್ರ್ಯಾಕ್ಟರಿನವನೊಬ್ಬ ಕೇಳಿದ.

ಉತ್ತರ ಕೊಟ್ಟವನು ಕಾಡಸಿದ್ದ. "ನಮ್ಮಕ್ಕನ ಮಗಳ್ರಿ. ನಿನ್ನೆ ನಾಕಕ್ಕ ಇಲ್ಲಿಂದ ಬಿಟ್ಟಾಕಿ, ತುಮಕೂರ ಮುಟ್ಟ್ಯಾಳ, ಸಾತಾರಾ ದಾಟ್ಯಾಳ. ದಾರ್ಯಾಗ ಕೇಬಲ್ ಹರದೈತಿ, ಹಾಕ್ಕೊಂಡಾಳ. ಗಾಡಿ ನಿಂತೈತಿ, ಎಬ್ಬಿಸ್ಯಾಳ. ನಿಮ್ಮೂರಾಗ ಅದಾರೇನ್ರಿ ಅಂಥಾ ಗಂಡಸರು?"

ತಾರವ್ವ ತಿರುಗಿ ನೋಡಲಿಲ್ಲ. ಆದರೆ ಆ ಮಾತಿನ ಒಂದೊಂದು ಅಕ್ಷರವನ್ನೂ ಕೇಳಿಸಿಕೊಂಡಳು.

ಮೂರೂ ನಲವತ್ತು. ಮೂರೂ ನಲವತ್ತೈದು. ಅಮೋಲ ಗಡಿಯಾರ ನೋಡುವುದನ್ನೇ ಬಿಟ್ಟ. ಮೂರೂ ಐವತ್ತೊಂದಕ್ಕೆ ದೂರದ ತಿರುವಿನಲ್ಲಿ ಕಬ್ಬಿನ ಟ್ರಾಲಿಯ ಮಗ್ಗುಲಿಂದ ಒಂದು ದೀಪ ಹಣಿಕಿ ಹಾಕಿತು. ಅಷ್ಟು ಅವಸರದಲ್ಲಿ ಬರುವವಳು ಅವಳೊಬ್ಬಳೇ. ಜನ ಸರಿದು ದಾರಿ ಬಿಟ್ಟರು. ಭಾಗ್ಯಾ ನೇರವಾಗಿ ಪಂಪಿನ ಹತ್ತಿರ ನಿಂತು, ಹೆಲ್ಮೆಟ್ ತೆಗೆಯದೆಯೇ, "ಒಂದ ಲೀಟರ್. ಚೀಟಿ ಕೊಡ್ರಿ," ಎಂದಳು. ಯಂತ್ರ ಕಿರ್ರೆಂದು ಚೀಟಿ ಹೊರಗೆ ಹಾಕಿತು. ಅಮೋಲ ಅದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ಕೇಳುವಂತೆ ಓದಿದ.

"ಮೂರೂ ಐವತ್ತನಾಕು."

ಆಮೇಲೆ ಗಾಡಿಯ ಮೀಟರು ಓದಿದ: ಸಾವಿರದ ಆರುನೂರಾ ಹನ್ನೊಂದು. ಎರಡರದ್ದೂ ಫೋಟೋ ತೆಗೆದ, ವಹಿಯಲ್ಲಿ ಬರೆದ, ಚೀಟಿಯನ್ನು ಭಾಗ್ಯಾಳ ಕೈಗೆ ತಿರುಗಿ ಕೊಟ್ಟ. ಜನ ಚಪ್ಪಾಳೆ ತಟ್ಟುತ್ತಿದ್ದರು. ಭಾಗ್ಯಾ ಗಾಡಿಯಿಂದ ಇಳಿಯಲು ಹೋದರೆ ಕಾಲು ಮಡಿಚಲಿಲ್ಲ. ಕಾಡಸಿದ್ದ ಬಂದು ರಟ್ಟೆಗೆ ಕೈ ಕೊಟ್ಟ.

"ಮಾಂವ, ನಾಕ ಆತು. ಏನೋ ಅಂದಿದ್ದೆಲ್ಲಾ, ಹೇಳು ಈಗ."

"ಏನೂ ಅಂದಿಲ್ಲವಾ. ನಾ ಊದೂದಷ್ಟ ಮಾಡೇನಿ."

ತಾರವ್ವ ಇನ್ನೂ ದೂರದಲ್ಲೇ ಇದ್ದಳು. ಬಂಕಿನ ಹಿಂದಿನ ಗೋಡೆಯ ನೆರಳಲ್ಲಿ ಕೂತು ಕಂಬಳಿಯನ್ನು ಮೆಲ್ಲಗೆ ಬಿಡಿಸಿ, ಮಡಿಕೆಯಲ್ಲಿದ್ದ ಭಂಡಾರವನ್ನು ಒಂದು ಕಡೆ ಕೂಡಿಸಿ, ಚೀಲಕ್ಕೆ ತುಂಬಿಕೊಳ್ಳುತ್ತಿದ್ದಳು. ಭಾಗ್ಯಾ ಕುಂಟುತ್ತ ಬಂದು ಕಂಬಳಿಯ ಮೇಲೆ ಕೂತಳು.

"ಇಲ್ಲಿ ಯಾಕ ಕುಂತಿಯವ್ವಾ?"

"ನಾ ಇನ್ನ ನಿನ್ನ ಗಾಡಿ ಹತ್ತರ ಬರೂದಿಲ್ಲ."

"ಗಾಡಿಗಿ ಬ್ಯಾಡ. ನನಗ ಹಚ್ಚು."

"ಸಿಟ್ಟಿಲ್ಲೇನ?"

"ಸಿಟ್ಟ ನಾಳೆ ನೋಡೂಣು. ಹಚ್ಚವ್ವಾ, ಹಣಿಗಿ. ಮೂಗಿಗಿ ಬ್ಯಾಡ ಮತ್ತ."

"ಚಿಟಿಕಿ ಅಷ್ಟ," ಎಂದಳು ತಾರವ್ವ.

ಅವಳ ಹೆಬ್ಬೆರಳು ಹೆಲ್ಮೆಟ್ಟಿನ ಗುರುತಿನ ಉದ್ದಕ್ಕೂ ಹೋಗಿ ಮುಗಿಯುವಷ್ಟರಲ್ಲಿ ಭಾಗ್ಯಾ ಅವ್ವನ ತೊಡೆಗೆ ಒರಗಿ ನಿದ್ದೆ ಹೋಗಿದ್ದಳು. ಕೈ ಸಡಿಲವಾಯಿತು, ಚೀಟಿ ಜಾರಿ ಕಂಬಳಿಯ ಮೇಲೆ ಬಿತ್ತು. ಗಾಳಿ ಅದನ್ನು ಒಂದು ಸಲ ಮಗುಚಿತು. ತಾರವ್ವನಿಗೆ ಓದಲು ಬಾರದು. ಅವಳು ಅದನ್ನು ಹಿಡಿದು, ನಾಲ್ಕು ಮಡಿಕೆ ಮಾಡಿ, ಭಂಡಾರದ ಚೀಲದೊಳಗೆ ಇಟ್ಟು, ದಾರ ಎಳೆದು ಗಂಟು ಹಾಕಿದಳು.